ಖಾರ ಬೇರೆ, ರುಚಿ ಬೇರೆ: ಹೈಪ್ರೂಫ್ ರಮ್, ಬರ್ಬನ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ (ಬೆಂಗಳೂರು): ನಮ್ಮ ರಮ್ ಬಾಟಲಿಯ ಮೇಲೆ ಶೇ 42.8, 75 ಪ್ರೂಫ್ ಎಂದಿರುತ್ತದೆ. ಅಮೆರಿಕದಿಂದ ತಂದ ಬರ್ಬನ್ ವಿಸ್ಕಿ ಮೇಲೆ 100 ಪ್ರೂಫ್. ಹಾಗಾದರೆ ನಮ್ಮದು ಅದರ ಮುಕ್ಕಾಲು ಪಾಲು ಮಾತ್ರವೇ?

ಉತ್ತರ: ಅಲ್ಲ, ಎರಡೂ ಬೇರೆ ಬೇರೆ ಲೆಕ್ಕ. ಅಮೆರಿಕದವರು ಮದ್ಯಸಾರದ ಶೇಕಡಾವನ್ನು ಎರಡರಿಂದ ಗುಣಿಸಿ ಪ್ರೂಫ್ ಎನ್ನುತ್ತಾರೆ. ಅವರ 100 ಪ್ರೂಫ್ ಎಂದರೆ ಶೇ 50. ನಮ್ಮಲ್ಲಿ ಉಳಿದಿರುವುದು ಹಳೆಯ ಬ್ರಿಟಿಷ್ ಲೆಕ್ಕ. ಅದರಲ್ಲಿ 100 ಪ್ರೂಫ್ ಎಂದರೆ ಸುಮಾರು ಶೇ 57.1, ಅದಕ್ಕಿಂತ 25 ಡಿಗ್ರಿ ಕೆಳಗಿನ 75 ಪ್ರೂಫ್ ಎಂದರೆ ಶೇ 42.8. ಅಮೆರಿಕದ ಲೆಕ್ಕದಲ್ಲಿ ನಮ್ಮ ರಮ್ 85.6 ಪ್ರೂಫ್ ಆಗುತ್ತದೆ. ‘ನೇವಿ ಸ್ಟ್ರೆಂತ್’ ಎಂದು ಬರೆದ ರಮ್‌ಗಳು ಶೇ 57ರ ಆಸುಪಾಸಿನಲ್ಲಿರುವುದಕ್ಕೂ ಈ ಬ್ರಿಟಿಷ್ ಅಳತೆಯೇ ಮೂಲ. ಕೊಳ್ಳುವಾಗ ಪ್ರೂಫ್ ಬಿಟ್ಟು ಶೇಕಡಾ ಮಾತ್ರ ನೋಡಿ, ಗೊಂದಲವೇ ಇರುವುದಿಲ್ಲ.

ಪ್ರಶ್ನೆ (ಮೈಸೂರು): ಇಪ್ಪತ್ತು ವರ್ಷದಿಂದ ಓಲ್ಡ್ ಮಾಂಕ್ ಕುಡಿಯುತ್ತಿದ್ದೇನೆ. ತಮ್ಮ ಅಮೆರಿಕದಿಂದ ಬರುತ್ತಿದ್ದಾನೆ. ಒಳ್ಳೆಯ ಹೈಪ್ರೂಫ್ ರಮ್ ಯಾವುದನ್ನು ತರಿಸಲಿ?

ಉತ್ತರ: ಬ್ರಾಂಡ್ ಹೆಸರು ಹೇಳುವ ಮೊದಲು ನಿಮ್ಮ ನಾಲಿಗೆ ಏನನ್ನು ಹುಡುಕುತ್ತಿದೆ ಎಂಬುದನ್ನು ಗಟ್ಟಿಮಾಡಿಕೊಳ್ಳೋಣ. ಓಲ್ಡ್ ಮಾಂಕ್‌ನಲ್ಲಿ ನಿಮ್ಮನ್ನು ಹಿಡಿದಿಟ್ಟಿರುವುದು ವೆನಿಲ್ಲಾ, ಸುಟ್ಟ ಬೆಲ್ಲ, ದುಂಡಗಿನ ಸಿಹಿ. ಹಾಗಿದ್ದರೆ ಗಯಾನಾ ದೇಶದ ಡೆಮರಾರಾ ರಮ್ ಸೇರಿರುವ ಬಾಟಲಿಯಿಂದ ಶುರುಮಾಡಿ. ಅಲ್ಲಿನ ಡೈಮಂಡ್ ಡಿಸ್ಟಿಲರಿಯಲ್ಲಿ ಪೋರ್ಟ್ ಮೌರಂಟ್, ವರ್ಸೇಲ್ಸ್ ಎಂಬ ಮರದ ಬಟ್ಟಿಗಳು ಇವತ್ತಿಗೂ ಕೆಲಸ ಮಾಡುತ್ತಿವೆ. ಅವುಗಳಿಂದ ಇಳಿದ ರಮ್‌ನಲ್ಲಿ ಜೋನಿಬೆಲ್ಲ, ಸೋಂಪು, ಒಣದ್ರಾಕ್ಷಿಯ ಗಾಢ ರುಚಿ ಸಿಗುತ್ತದೆ. ಪಸ್ಸರ್ಸ್ ಗನ್‌ಪೌಡರ್ ಪ್ರೂಫ್ (ಶೇ 54.5) ಮೊದಲ ಮೆಟ್ಟಿಲಿಗೆ ಸರಿ. ಅದು ಹಿಡಿಸಿದರೆ ಪ್ಲಾಂಟೆರೇ ಒ.ಎಫ್.ಟಿ.ಡಿ. (ಶೇ 69, ಮೊದಲು ಪ್ಲಾಂಟೇಶನ್ ಎಂಬ ಹೆಸರಿತ್ತು). ಇದರಲ್ಲಿ ಗಯಾನಾ, ಜಮೈಕಾ, ಬಾರ್ಬಡೋಸ್ ಮೂರರ ರಮ್ ಇದೆ.

ಸಿಹಿಗಿಂತ ಮರದ ಗಂಧ, ಒಣ ಕೊಬ್ಬರಿ, ಬಾದಾಮಿಯ ಕಡೆಗೆ ಮನಸ್ಸಿದ್ದರೆ ಬಾರ್ಬಡೋಸ್‌ನ ಫೋರ್‌ಸ್ಕ್ವೇರ್ ಹುಡುಕಿಸಿ. ಅವರು ಸಕ್ಕರೆ ಬೆರೆಸುವುದಿಲ್ಲ. ಪೀಪಾಯಿಯಿಂದ ಇಳಿದ ಬಲಕ್ಕೆ ಹತ್ತಿರದಲ್ಲೇ ತುಂಬಿದ ಬಾಟಲಿಗಳೂ ಅವರಲ್ಲಿವೆ. ಆದರೆ ಓಲ್ಡ್ ಮಾಂಕ್‌ನಿಂದ ನೇರವಾಗಿ ಇದಕ್ಕೆ ಹಾರಿದರೆ ಮೊದಲ ಗುಟುಕು ಒಣಒಣ ಅನ್ನಿಸುತ್ತದೆ. ಸಿಹಿಯ ನಿರೀಕ್ಷೆಯಲ್ಲಿದ್ದ ನಾಲಿಗೆಗೆ ಸಿಹಿ ಸಿಗದಿರುವುದೇ ಅದಕ್ಕೆ ಕಾರಣ, ರಮ್‌ನಲ್ಲಿ ದೋಷವಿಲ್ಲ. ಯಾವುದೇ ರಮ್‌ಗೆ ಸಕ್ಕರೆ ಹಾಕಿದ್ದಾರೆಯೇ ಎಂದು ನೋಡಲು ಸ್ಟೀಲ್ ತಟ್ಟೆಯ ಮೇಲೆ ಅರ್ಧ ಚಮಚ ಹರಡಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಬೆರಳಿಗೆ ಅಂಟಿದರೆ ಸಕ್ಕರೆ ಇದೆ ಎಂದರ್ಥ.

ತಮ್ಮನಿಗೆ ಎರಡು ಮಾತು ಹೇಳಿಬಿಡಿ. ಶೇ 70ಕ್ಕಿಂತ ಹೆಚ್ಚು ಬಲದ ಮದ್ಯವನ್ನು ವಿಮಾನದಲ್ಲಿ ಯಾವ ಲಗೇಜಿನಲ್ಲೂ ಒಯ್ಯುವಂತಿಲ್ಲ. ಆದ್ದರಿಂದ ‘151’ ಎಂದು ಬರೆದ, ಅಂದರೆ ಶೇ 75.5ರ ರಮ್‌ಗಳು ಪಟ್ಟಿಯಲ್ಲಿ ಬೇಡ. ಕಸ್ಟಮ್ಸ್‌ನಲ್ಲಿ ಒಬ್ಬರಿಗೆ ಸುಂಕವಿಲ್ಲದೆ 2 ಲೀಟರ್. 750 ಮಿ.ಲೀ. ಬಾಟಲಿ ಎರಡು ತಂದರೆ ನಿಶ್ಚಿಂತೆ, ಮೂರನೆಯದಕ್ಕೆ ಮಿತಿ ದಾಟುತ್ತದೆ.

ಪ್ರಶ್ನೆ (ಮಂಗಳೂರು): ಶೇ 63ರ ಜಮೈಕಾ ಬಿಳಿ ರಮ್ ಕೈಗೆ ಬಂತು. ಮುಚ್ಚಳ ತೆಗೆದರೆ ಪೇಂಟ್ ಅಂಗಡಿಯ ವಾಸನೆ, ಅದರ ಹಿಂದೆ ಕೊಳೆತ ಹಣ್ಣು. ಹಾಳಾಗಿದೆಯೇ?

ಉತ್ತರ: ಹಾಳಾಗಿಲ್ಲ, ದಯವಿಟ್ಟು ಚೆಲ್ಲಬೇಡಿ. ಆ ವಾಸನೆಗಾಗಿಯೇ ಜನ ಆ ರಮ್ ಹುಡುಕುವುದು. ಜಮೈಕಾದ ಹಳೆಯ ಕ್ರಮದಲ್ಲಿ ಕಾಕಂಬಿಯನ್ನು ದಿನಗಟ್ಟಲೆ, ಕೆಲವೆಡೆ ವಾರಗಟ್ಟಲೆ ಹುಳಿಯಲು ಬಿಡುತ್ತಾರೆ. ಹಿಂದಿನ ಬಟ್ಟಿಯಲ್ಲಿ ಉಳಿದ ಹುಳಿನೀರನ್ನೂ ಸೇರಿಸುತ್ತಾರೆ, ಅದಕ್ಕೆ ಡಂಡರ್ ಎಂದು ಹೆಸರು. ಅಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಆಮ್ಲಗಳನ್ನು ಮಾಡುತ್ತವೆ. ಆ ಆಮ್ಲ ಮದ್ಯಸಾರದೊಂದಿಗೆ ಕೂಡಿದರೆ ಎಸ್ಟರ್. ಈಥೈಲ್ ಬ್ಯುಟಿರೇಟ್ ಅನಾನಸ್ ವಾಸನೆ ಕೊಡುತ್ತದೆ, ಐಸೊಅಮೈಲ್ ಅಸಿಟೇಟ್ ಬಾಳೆಹಣ್ಣಿನದು, ಈಥೈಲ್ ಅಸಿಟೇಟ್ ಉಗುರುಬಣ್ಣದ್ದು. ನಿಮಗೆ ಪೇಂಟ್ ಎನ್ನಿಸಿದ್ದು ಈ ಕೊನೆಯದು. ತೀರಾ ಮಾಗಿದ ಹಲಸಿನ ಹಣ್ಣು ಬಿಡಿಸುವಾಗ ಮನೆಯಲ್ಲಿ ತುಂಬುವ ಘಮಲಿಗೆ ಒಗ್ಗಿದ ಕರಾವಳಿಯವರು ನೀವು, ಇದಕ್ಕೂ ಬೇಗ ಒಗ್ಗುತ್ತೀರಿ.

1753ರಿಂದ ಇರುವ ಹ್ಯಾಂಪ್ಡನ್ ಎಸ್ಟೇಟ್‌ನಲ್ಲಿ ಎಸ್ಟರ್ ಪ್ರಮಾಣಕ್ಕೆ ತಕ್ಕಂತೆ ರಮ್‌ಗೆ ಗುರುತು ಹಾಕುತ್ತಾರೆ. ಒ.ಡಬ್ಲ್ಯು.ಎಚ್. ಎಂಬುದರಲ್ಲಿ ನೂರು ಲೀಟರ್ ಶುದ್ಧ ಮದ್ಯಸಾರಕ್ಕೆ 40ರಿಂದ 80 ಗ್ರಾಂ, ಎಲ್.ಆರ್.ಒ.ಕೆ. ಎಂಬುದರಲ್ಲಿ 200ರಿಂದ 400, ಡಿ.ಒ.ಕೆ. ಎಂಬುದರಲ್ಲಿ 1500ರಿಂದ 1600. ಡಿ.ಒ.ಕೆ. ಮೂಲತಃ ಬೇರೆ ರಮ್‌ಗೆ, ತಿಂಡಿಗೆ, ಸುಗಂಧಕ್ಕೆ ಹನಿಯಷ್ಟು ಬೆರೆಸಲೆಂದು ಮಾಡಿದ್ದು. ಹೊಸಬರು ಅದನ್ನು ನೀಟ್ ಕುಡಿಯಲು ಹೋಗಿ ಜಮೈಕಾ ರಮ್ ಎಂದರೆ ಮಾರು ದೂರ ನಿಲ್ಲುವುದನ್ನು ಕಂಡಾಗ ಬೇಸರವಾಗುತ್ತದೆ.

ನಿಮ್ಮ ಬಾಟಲಿಯನ್ನು ಹೀಗೆ ಬಳಸಿ ನೋಡಿ: ಮಾಮೂಲಿ ರಮ್ 45 ಮಿ.ಲೀ., ಇದು 15 ಮಿ.ಲೀ., ನಿಂಬೆರಸ 20 ಮಿ.ಲೀ., ಸಮಪಾಲು ನೀರಿನಲ್ಲಿ ಕರಗಿಸಿ ಸೋಸಿದ ಬೆಲ್ಲದ ಪಾಕ 15 ಮಿ.ಲೀ. ಐಸ್ ಹಾಕಿ ಹನ್ನೆರಡು ಸೆಕೆಂಡು ಜೋರಾಗಿ ಕುಲುಕಿ ಸೋಸಿಕೊಳ್ಳಿ. ಪೇಂಟ್ ಮಾಯವಾಗಿ ಅನಾನಸ್ ಮುಂದೆ ಬರುತ್ತದೆ. ಪಾಕ ಬಿಸಿಯಿದ್ದರೆ ಐಸ್ ಬೇಗ ಕರಗಿ ಎಲ್ಲ ತೆಳುವಾಗುತ್ತದೆ, ಆರಿಸಿಯೇ ಹಾಕಿ.

ಪ್ರಶ್ನೆ (ನ್ಯೂಜೆರ್ಸಿ): ವೈಲ್ಡ್ ಟರ್ಕಿ 101 ಬರ್ಬನ್ ಇಷ್ಟ. ಅದಕ್ಕಿಂತ ಮೇಲಿನದು ಕೊಂಡಾಗಲೆಲ್ಲ ಗಂಟಲು ಸುಟ್ಟಿದ್ದೇ ಬಂತು. ಹೇಗೆ ಆರಿಸಲಿ?

ಉತ್ತರ: ನೀವು ಬಲ ನೋಡಿ ಕೊಳ್ಳುತ್ತಿದ್ದೀರಿ. ಧಾನ್ಯ ನೋಡಿ ಕೊಳ್ಳಿ. ಬರ್ಬನ್‌ನಲ್ಲಿ ಕಡೇಪಕ್ಷ ಶೇ 51 ಮೆಕ್ಕೆಜೋಳ ಇರಲೇಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು, ಪೀಪಾಯಿಗೆ ತುಂಬುವಾಗ ಬಲ ಶೇ 62.5 ಮೀರಬಾರದು. ಇವು ಕಾನೂನು. ರುಚಿ ಬೇರೆಯಾಗುವುದು ಜೋಳದ ಜೊತೆಗಿನ ಎರಡನೇ ಧಾನ್ಯದಿಂದ. ರೈ (ಗೋಧಿಯಂಥದೇ ಒಂದು ಧಾನ್ಯ) ಹೆಚ್ಚಿದ್ದರೆ ಕಾಳುಮೆಣಸು, ಪುದೀನ, ಚುರುಕು: ಓಲ್ಡ್ ಗ್ರ್ಯಾಂಡ್-ಡ್ಯಾಡ್ 114 (ಶೇ 57) ಇದಕ್ಕೆ ಒಳ್ಳೆಯ ಮಾದರಿ. ರೈ ಬದಲು ಗೋಧಿ ಇದ್ದರೆ ಮೃದು, ಜೇನು, ಬ್ರೆಡ್ಡಿನ ಸಿಹಿ: ಮೇಕರ್ಸ್ ಮಾರ್ಕ್ ಕ್ಯಾಸ್ಕ್ ಸ್ಟ್ರೆಂತ್, ಲಾರ್ಸೆನಿ ಬ್ಯಾರೆಲ್ ಪ್ರೂಫ್ (ಎರಡೂ ಮಾತಿಗೆ ಪೀಪಾಯಿಯಿಂದ ಇಳಿದ ಬಲದಲ್ಲೇ ತುಂಬಿದ್ದು ಎಂದರ್ಥ). ಮೆಣಸಿನ ಚುರುಕನ್ನೇ ಸುಡುವಿಕೆ ಎಂದುಕೊಂಡವರಿಗೆ ಗೋಧಿಯ ಬರ್ಬನ್ ಶೇ 55ರಲ್ಲೂ ಹಿತವಾಗಿರುತ್ತದೆ.

101 ನಿಮಗೆ ಹಿಡಿಸಿರುವುದರಿಂದ ಅದೇ ಮನೆಯ ರೇರ್ ಬ್ರೀಡ್ (ಶೇ 58.4) ನೋಡಿ. ರುಚಿಯ ಬುಡ ಒಂದೇ, ಬಲ ಮಾತ್ರ ಏರುತ್ತದೆ. ಹೀಗೆ ಹೋಲಿಸಿದರೆ ನಿಮಗೆ ಸಾಲದಿದ್ದುದು ಬಲವೋ ರುಚಿಯೋ ಎಂದು ತಿಳಿಯುತ್ತದೆ. ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್ ಪ್ರತಿ ಬ್ಯಾಚಿಗೂ ಬೇರೆ ಬಲದಲ್ಲಿ ಬರುತ್ತದೆ. ಲೇಬಲ್ ಮೇಲಿನ ಎ124 ಎಂಬಂಥ ಗುರುತಿನಲ್ಲಿ ಎ ಎಂದರೆ ವರ್ಷದ ಮೊದಲ ಬ್ಯಾಚ್, 1 ತಿಂಗಳು, 24 ವರ್ಷ. ಗೆಳೆಯರ ಮನೆಯಲ್ಲಿ ಹಿಡಿಸಿದ ಬ್ಯಾಚಿನ ಗುರುತು ಬರೆದಿಟ್ಟುಕೊಳ್ಳಿ, ಹೆಸರು ನೋಡಿ ಕೊಂಡರೆ ಬೇರೆಯದೇ ಮನೆಗೆ ಬರುತ್ತದೆ.

ಕಡಿಮೆ ಖರ್ಚಿನಲ್ಲಿ ಕಲಿಯಲು ‘ಬಾಟಲ್ಡ್ ಇನ್ ಬಾಂಡ್’ ಎಂಬ ಮಾತು ಹುಡುಕಿ. 1897ರ ಅಮೆರಿಕದ ಕಾಯ್ದೆ ಪ್ರಕಾರ ಅದು ಒಂದೇ ಡಿಸ್ಟಿಲರಿಯ ಒಂದೇ ಹಂಗಾಮಿನದಾಗಿರಬೇಕು, ಕನಿಷ್ಠ 4 ವರ್ಷ ಮಾಗಿರಬೇಕು, ಬಲ ಕರಾರುವಾಕ್ಕಾಗಿ ಶೇ 50. ಇವನ್ ವಿಲಿಯಮ್ಸ್‌ನ ಬಿಳಿ ಲೇಬಲ್ ಈ ಬಗೆಯದು, ಬೆಲೆಯೂ ಹಗುರ.

ಪ್ರಶ್ನೆ (ಶಿವಮೊಗ್ಗ): ಇಂಥದ್ದಕ್ಕೆ ನೀರು ಬೆರೆಸಿದರೆ ಕೊಟ್ಟ ದುಡ್ಡಿಗೆ ಮೋಸವಲ್ಲವೇ?

ಉತ್ತರ: ಮೋಸವಿಲ್ಲ. ಎಷ್ಟು ನೀರು ಎಂಬುದನ್ನು ಕಾರ್ಖಾನೆಯ ಬದಲು ನೀವು ತೀರ್ಮಾನಿಸುವುದಕ್ಕೇ ಹೈಪ್ರೂಫ್ ಕೊಳ್ಳುವುದು. ಲೆಕ್ಕ ಸುಲಭ: ಇರುವ ಬಲವನ್ನು ಬೇಕಾದ ಬಲದಿಂದ ಭಾಗಿಸಿ, ಒಂದು ಕಳೆದು, ಮದ್ಯದ ಅಳತೆಯಿಂದ ಗುಣಿಸಿ. ಶೇ 63ರ 30 ಮಿ.ಲೀ. ರಮ್ ಶೇ 50ಕ್ಕೆ ಬರಬೇಕಾದರೆ 7.8 ಮಿ.ಲೀ. ನೀರು, ಅಂದರೆ ಸುಮಾರು ಒಂದೂವರೆ ಟೀ ಚಮಚ. ಶೇ 58.4ರದಕ್ಕಾದರೆ 5 ಮಿ.ಲೀ. ಸಾಕು.

ಮೊದಲು ನೀರಿಲ್ಲದೆ ಅರ್ಧ ಗುಟುಕು ನಾಲಿಗೆ ಮೇಲೆ ಹೊರಳಾಡಿಸಿ ನುಂಗಿ, ಅದರ ಮೇಲೆ ತೀರ್ಪು ಕೊಡಬೇಡಿ. ಬಾಯಿ ಸಜ್ಜಾಗುವುದಷ್ಟೇ ಅದರ ಕೆಲಸ. ಹತ್ತು ನಿಮಿಷ ಲೋಟದಲ್ಲಿ ಬಿಡಿ, ಆಮೇಲೆ ಅರ್ಧರ್ಧ ಚಮಚ ನೀರು ಸೇರಿಸುತ್ತ ಹೋಗಿ. ಮೂಗನ್ನು ಲೋಟದೊಳಗೆ ಇಳಿಸದೆ ಅಂಚಿನ ಮೇಲೆ ಹಿಡಿದು, ಬಾಯಿ ತುಸು ತೆರೆದು ಮೂಸಿ. ಆಳವಾಗಿ ಎಳೆದುಕೊಂಡರೆ ಮದ್ಯಸಾರಕ್ಕೆ ಮೂಗು ಮರಗಟ್ಟಿ ಮುಂದೆ ಏನೂ ತಿಳಿಯುವುದಿಲ್ಲ. ಬೋರ್‌ವೆಲ್ ನೀರು ಬೇಡ, ಗಡಸು ನೀರಿನ ಉಪ್ಪಿನಂಶ ರುಚಿ ಕೆಡಿಸುತ್ತದೆ. ನೀರು ಹಾಕಿದಾಗ ಮಬ್ಬಾದರೆ ಗಾಬರಿಯಾಗಬೇಡಿ. ತಣ್ಣಗೆ ಮಾಡಿ ಸೋಸದ ಮದ್ಯದಲ್ಲಿ ಎಣ್ಣೆಯಂಥ ಅಂಶಗಳು ಉಳಿದಿರುತ್ತವೆ, ಶೇ 46ರ ಕೆಳಗೆ ಅವು ಕರಗಿರಲಾರದೆ ಹೊರಬರುತ್ತವೆ. ಬಾಯಿ ತುಂಬಿದಂತಹ ಅನುಭವ ಕೊಡುವವೂ ಅವೇ.

ಪೆಗ್ ಎಣಿಸುವ ಅಭ್ಯಾಸವನ್ನು ಮಾತ್ರ ಇಲ್ಲಿಗೆ ತರಬೇಡಿ. ಮಾಮೂಲಿ ರಮ್‌ನ 30 ಮಿ.ಲೀ.ನಲ್ಲಿ 12.8 ಮಿ.ಲೀ. ಮದ್ಯಸಾರವಿದ್ದರೆ ಶೇ 63ರದ್ದರಲ್ಲಿ 18.9. ಎರಡು ಪೆಗ್ ಎಂದರೆ ದೇಹಕ್ಕೆ ಮೂರರ ಲೆಕ್ಕ.

ಪ್ರಶ್ನೆ (ದಾವಣಗೆರೆ): ಅರ್ಧ ಉಳಿದ ಬಾಟಲಿ ಎಷ್ಟು ದಿನ ಇರುತ್ತದೆ?

ಉತ್ತರ: ಮುಚ್ಚಳ ಬಿಗಿಯಿದ್ದು, ಬಿಸಿಲು ಬೀಳದ ಕಪಾಟಿನಲ್ಲಿದ್ದರೆ ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ಕಾಲು ಭಾಗಕ್ಕೆ ಇಳಿದ ಮೇಲೆ ಒಳಗಿನ ಗಾಳಿಗೆ ಘಮ ಮಂಕಾಗತೊಡಗುತ್ತದೆ, ಆಗ ಚಿಕ್ಕ ಗಾಜಿನ ಬಾಟಲಿಗೆ ಕತ್ತಿನ ತನಕ ತುಂಬಿಡಿ. ಕಾರ್ಕ್ ಇರುವ ಬಾಟಲಿಯನ್ನು ವೈನ್‌ನಂತೆ ಮಲಗಿಸಬೇಡಿ, ಬಲವಾದ ಮದ್ಯಸಾರ ಕಾರ್ಕನ್ನು ತಿಂದು ಪುಡಿ ಉದುರಿಸುತ್ತದೆ. ಗ್ಯಾಸ್ ಒಲೆಯ ಪಕ್ಕದ ಶೆಲ್ಫ್ ಅಂತೂ ಬೇಡವೇ ಬೇಡ. ನಿಮ್ಮೂರಿನ ಬೇಸಿಗೆಯಲ್ಲಿ ಶೇ 60ರ ಮದ್ಯ ಚೆಲ್ಲಿದರೆ ಅದರ ಆವಿಗೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.