ಸಣ್ಣ ಸ್ಟಾರ್ಟಪ್ ನಡೆಸುವವರ ಒಂದು ವಾರ ಹೇಗಿರುತ್ತದೆ? ಮೊದಲ ನೌಕರರನ್ನು ಆರಿಸುವಾಗ ಏನನ್ನು ನೋಡಬೇಕು?

ನೀವು ಇದನ್ನು ಎರಡು ಪ್ರಶ್ನೆಗಳಾಗಿ ಕೇಳಿದ್ದೀರಿ. ನನ್ನ ಅನುಭವದಲ್ಲಿ ಇವೆರಡೂ ಒಂದೇ. ಯಾರನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕು ಎಂಬುದನ್ನು ಸಂಸ್ಥಾಪಕರು ತಮ್ಮ ವಾರವನ್ನು ನೋಡಿಯೇ ತೀರ್ಮಾನಿಸಬೇಕು. ಬೇರೆ ಕಂಪನಿಗಳಲ್ಲಿ ಯಾವ ಯಾವ ಹುದ್ದೆಗಳಿವೆ ಎಂಬುದನ್ನು ನೋಡಿ ಅಲ್ಲ.

ನಾನು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳು ಮತ್ತು ಸುತ್ತಲಿನ ಕೋಲ್ಡ್ ಸ್ಟೋರೇಜ್‌ಗಳು ಚೀಲಗಳ ಲೆಕ್ಕ, ಬಾಡಿಗೆ ಮತ್ತು ರೈತರ ಪಟ್ಟಿಗಳನ್ನು (ಮಾರಾಟದ ಲೆಕ್ಕದ ಚೀಟಿಗಳನ್ನು) ಇಟ್ಟುಕೊಳ್ಳಲು ನಮ್ಮ ತಂತ್ರಾಂಶವನ್ನು ಬಳಸುತ್ತವೆ. ಆದ್ದರಿಂದ ನಮ್ಮ ವಾರದ ಹಿಡಿತ ನಮ್ಮ ಕೈಯಲ್ಲಿಲ್ಲ, ಆ ಮಾರುಕಟ್ಟೆಯ ಕೈಯಲ್ಲಿದೆ. ಅಲ್ಲಿ ಸೋಮವಾರ ಮತ್ತು ಗುರುವಾರ ವಹಿವಾಟು ನಡೆಯುತ್ತದೆ. ಜನವರಿಯಿಂದ ಬೇಸಿಗೆಯವರೆಗಿನ ಸುಗ್ಗಿಯಲ್ಲಿ ಹಿಂದಿನ ರಾತ್ರಿಯಿಂದಲೇ ಚೀಲಗಳು ಬಂದು ಬೀಳುತ್ತವೆ, ಖರೀದಿದಾರರು ಲಾಟ್‌ಗಳನ್ನು ನೋಡಿ ಇ-ಟೆಂಡರ್‌ನಲ್ಲಿ ದರ ಹಾಕುತ್ತಾರೆ, ದರ ಪ್ರಕಟವಾದ ಮೇಲೆ ತೂಕ, ಪಟ್ಟಿ, ಹಣ ಪಾವತಿ ಎಲ್ಲವೂ ಒಂದರ ಹಿಂದೆ ಒಂದರಂತೆ ನಡೆಯುತ್ತವೆ. ಆ ಎರಡು ದಿನ ನಾವು ತಂತ್ರಾಂಶದಲ್ಲಿ ಒಂದು ಅಕ್ಷರವನ್ನೂ ಬದಲಿಸುವುದಿಲ್ಲ. ನಾನೂ ಸೇರಿದಂತೆ ಎಲ್ಲರೂ ಫೋನಿನ ಹತ್ತಿರ ಇರುತ್ತೇವೆ, ಒಬ್ಬರಾದರೂ ಬ್ಯಾಡಗಿಯಲ್ಲಿಯೇ ಇರುತ್ತಾರೆ. ಮಂಗಳವಾರ ಹಿಂದಿನ ದಿನದ ದೂರುಗಳನ್ನು ವಿಂಗಡಿಸುತ್ತೇವೆ. ಬುಧವಾರ ಹೊಸದನ್ನು ಕಟ್ಟುವ ದಿನ, ಅಂದು ನಾನು ಯಾವ ಸಭೆಯನ್ನೂ ಒಪ್ಪಿಕೊಳ್ಳುವುದಿಲ್ಲ. ಶುಕ್ರವಾರ ಬಾಕಿ ವಸೂಲಿ ಮತ್ತು ಬ್ಯಾಂಕಿನ ಕೆಲಸ. ಶನಿವಾರ ಸಂದರ್ಶನ, ಏಕೆಂದರೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಊರಿಗೆ ಮರಳಬೇಕೆಂದಿರುವವರು ಸಿಗುವುದು ವಾರಾಂತ್ಯದಲ್ಲಿ ಮಾತ್ರ.

ಇದರ ಮೇಲೆ ಪ್ರತಿ ತಿಂಗಳೂ ಸರ್ಕಾರಕ್ಕೆ ಕಟ್ಟಬೇಕಾದವುಗಳ ಗಡುವಿನ ತಾರೀಖುಗಳಿವೆ. 7ಕ್ಕೆ ಟಿಡಿಎಸ್ (ಮೂಲದಲ್ಲಿಯೇ ಕಡಿತ ಮಾಡಿದ ತೆರಿಗೆ), 15ಕ್ಕೆ ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್ಐ (ನೌಕರರ ವಿಮೆ), 20ಕ್ಕೆ ಜಿಎಸ್‌ಟಿ. ಲೆಕ್ಕ ಪರಿಶೋಧಕರು ಸಹಾಯ ಮಾಡಿದರೂ ಕಾಗದಪತ್ರ ಹೊಂದಿಸುವ ಕೆಲಸ ಕಂಪನಿಯೊಳಗೇ ಆಗಬೇಕಾಗುತ್ತದೆ. ಹೊಸದಾಗಿ ಶುರುಮಾಡುವವರು ತಮ್ಮ ವಾರದ ಅಂದಾಜಿನಲ್ಲಿ ಈ ಗಂಟೆಗಳನ್ನು ಸೇರಿಸಿಕೊಂಡಿರುವುದು ಬಹಳ ಅಪರೂಪ.

ಈಗ ನೇಮಕಾತಿ. ನಾಲ್ಕು ವಾರ ನಿಮ್ಮ ಕೆಲಸವನ್ನು ಗಂಟೆಗಳ ಲೆಕ್ಕದಲ್ಲಿ ಬರೆದಿಡಿ. ಯಾವ ಕೆಲಸ ಮತ್ತೆ ಮತ್ತೆ ಬರುತ್ತದೆ, ಅದರಲ್ಲಿ ಯಾವುದನ್ನು ಇನ್ನೊಬ್ಬರಿಗೆ ಒಂದು ಪುಟದಲ್ಲಿ ವಿವರಿಸಿ ಹೇಳಬಲ್ಲಿರಿ ಎಂದು ಗುರುತಿಸಿ. ಮೊದಲ ಹುದ್ದೆ ಅದೇ. ನಮ್ಮಲ್ಲಿ ಹಾಗೆ ಬರೆದಾಗ ಕಂಡದ್ದು ಗ್ರಾಹಕರ ಫೋನ್ ಕರೆಗಳು. ಆದ್ದರಿಂದ ಮೊದಲು ಸೇರಿಸಿಕೊಂಡದ್ದು ಪ್ರೋಗ್ರಾಮರ್ ಅನ್ನು ಅಲ್ಲ, ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಕೆಲಸ ಮಾಡಿದ್ದ ಒಬ್ಬರನ್ನು. ಅಂಗಡಿಯವರು 'ಪಟ್ಟಿ ಕೂಡ್ತಿಲ್ಲ' ಎಂದಾಗ ತಪ್ಪು ತೂಕದಲ್ಲಿದೆಯೋ ಹಮಾಲಿಯಲ್ಲಿದೆಯೋ ಎಂದು ಅವರಿಗೆ ಮಾತಿನಲ್ಲಿಯೇ ತಿಳಿಯುತ್ತಿತ್ತು. ಕಂಪ್ಯೂಟರ್ ಕಲಿಸುವುದು ನಮ್ಮಿಂದ ಸಾಧ್ಯವಿತ್ತು. ಆ ತಿಳಿವಳಿಕೆಯನ್ನು ಕಲಿಸುವುದು ಸಾಧ್ಯವಿರಲಿಲ್ಲ.

ಆಯ್ಕೆಯ ವಿಧಾನದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಎದುರು ಕೂರಿಸಿಕೊಂಡು ಮನಬಂದಂತೆ ಮಾತನಾಡುವ ಸಂದರ್ಶನದಲ್ಲಿ ಗೆಲ್ಲುವುದು ಮಾತಿನ ಚಾತುರ್ಯ, ಇಂಗ್ಲಿಷಿನ ಓಘ, ನಮ್ಮದೇ ಕಾಲೇಜು, ನಮ್ಮದೇ ಊರು. ಕೆಲಸದ ಸಾಮರ್ಥ್ಯ ಅಲ್ಲಿ ಸರಿಯಾಗಿ ಕಾಣುವುದಿಲ್ಲ. ಇದು ನನ್ನೊಬ್ಬನ ಮಾತಲ್ಲ: ನೌಕರರ ಆಯ್ಕೆಯ ಬಗೆಗಿನ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ಶ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದ ಮಾದರಿಯನ್ನೇ ಕೊಟ್ಟು ನೋಡುವ ಪರೀಕ್ಷೆಗೂ ಎಲ್ಲರಿಗೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುವ ಸಂದರ್ಶನಕ್ಕೂ ಸಾಮಾನ್ಯ ಸಂದರ್ಶನಕ್ಕಿಂತ ಹೆಚ್ಚಿನ ಬೆಲೆ ಸಿಕ್ಕಿತ್ತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಅದೇ ಲೆಕ್ಕವನ್ನು ಮರುಪರಿಶೀಲಿಸಿ ಅಂಕಿಗಳನ್ನು ಇಳಿಸಿದರಾದರೂ, ಎಲ್ಲರಿಗೂ ಅದೇ ಪ್ರಶ್ನೆಗಳನ್ನು ಕೇಳುವ ಸಂದರ್ಶನ ಪಟ್ಟಿಯ ಮೇಲ್ತುದಿಯಲ್ಲಿಯೇ ಉಳಿಯಿತು.

ನಾವು ಮಾಡುವುದು ಇಷ್ಟು. ಹೆಸರುಗಳನ್ನು ತೆಗೆದುಹಾಕಿದ ನಿಜವಾದ ದಾಸ್ತಾನು ಪುಸ್ತಕದ ಒಂದು ಪುಟವನ್ನು ಅಭ್ಯರ್ಥಿಗೆ ಕೊಡುತ್ತೇವೆ. ಒಳಬಂದ ಚೀಲಗಳಿಗೂ ಹೊರಹೋದ ಮತ್ತು ಉಳಿದ ಚೀಲಗಳಿಗೂ ಅದರಲ್ಲಿ ತಾಳೆಯಿರುವುದಿಲ್ಲ. ವ್ಯತ್ಯಾಸ ಎಲ್ಲಿಂದ ಬಂದಿರಬಹುದು, ಯಾರನ್ನು ಏನೆಂದು ಕೇಳಬೇಕು ಎಂಬುದನ್ನು ಬರೆಯಬೇಕು. ಪ್ರೋಗ್ರಾಮರ್ ಆದರೆ ಆ ತಪ್ಪು ಮರುಕಳಿಸದಂತೆ ಒಂದು ಸಣ್ಣ ಪ್ರೋಗ್ರಾಂ ಬರೆಯಬೇಕು. ಅರ್ಧ ದಿನಕ್ಕಿಂತ ಹೆಚ್ಚು ಹಿಡಿಯುವ ಕೆಲಸವಾದರೆ ಹಣ ಕೊಡುತ್ತೇವೆ. ಉತ್ತರವನ್ನು ಕನ್ನಡದಲ್ಲಿಯೇ ಬರೆಯಬಹುದು. ಉತ್ತರ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷ್ ಸಂದರ್ಶನದ ಮೊದಲ ಐದು ನಿಮಿಷಗಳಲ್ಲಿ ಕುಗ್ಗಿಹೋಗುವುದನ್ನು ನಾನು ಕಂಡಿದ್ದೇನೆ, ಅವರೇ ಈ ಪುಟವನ್ನು ಕೈಗೆ ಕೊಟ್ಟಾಗ ಎಲ್ಲರಿಗಿಂತ ಮುಂದೆ ಬಂದದ್ದನ್ನೂ ಕಂಡಿದ್ದೇನೆ. ಉತ್ತರಗಳನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ಅಂಕ ಹಾಕುತ್ತೇವೆ, ಆಮೇಲೆಯೇ ಚರ್ಚೆ. ಮೊದಲೇ ಮಾತನಾಡಿಕೊಂಡರೆ ಸಂಸ್ಥಾಪಕರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವಾಗಿಬಿಡುತ್ತದೆ.

ಸಂಬಳವನ್ನು ಜಾಹೀರಾತಿನಲ್ಲಿಯೇ ಬರೆಯಿರಿ. ಷೇರುಗಳನ್ನು ಕೊಡುವುದಾದರೆ ಸಂಬಳಕ್ಕೆ ಬದಲಾಗಿ ಕೊಡಬೇಡಿ, ಸಂಬಳದ ಜೊತೆಗೆ ಕೊಡಿ. ನೌಕರರಿಗೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು ಕೊಡುವ ಇಸಾಪ್ ಯೋಜನೆಯ ನಿಯಮದ ಪ್ರಕಾರ ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಆ ಹಕ್ಕು ನೌಕರರ ಕೈಸೇರುವುದಿಲ್ಲ, ಷೇರು ಪಡೆದುಕೊಳ್ಳುವಾಗ ಅವರು ಕೊಟ್ಟ ಬೆಲೆಗೂ ನ್ಯಾಯಯುತ ಮಾರುಕಟ್ಟೆ ಬೆಲೆಗೂ ಇರುವ ಅಂತರ ಸಂಬಳದ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಇದನ್ನು ತಂದೆತಾಯಿಗೂ ಅರ್ಥವಾಗುವಂತೆ ಕನ್ನಡದಲ್ಲಿ ಬರೆದು ಕೊಡುವುದು ಸಂಸ್ಥಾಪಕರ ಕರ್ತವ್ಯ. ನಿಮ್ಮ ಖರ್ಚಿನ ಲೆಕ್ಕದಲ್ಲಿ ಸಂಬಳದ ಅಂಕಿಯೊಂದೇ ಇದ್ದರೂ ಸಾಲದು. ಹತ್ತು ಜನರಾದಾಗ ಇಎಸ್ಐ ಮತ್ತು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಆಂತರಿಕ ಸಮಿತಿ, ಇಪ್ಪತ್ತು ಜನರಾದಾಗ ಪಿಎಫ್ ಕಡ್ಡಾಯವಾಗುತ್ತವೆ. ಹತ್ತನೆಯವರು ಬರುವ ಮೊದಲೇ ಸಮಿತಿಯನ್ನು ರಚಿಸಿಕೊಂಡರೆ ಒಳ್ಳೆಯದು.

ದೊಡ್ಡ ಐಟಿ ಕಂಪನಿಗಳಿಂದ ಬರುವವರಿಗೆ ಸಾಮಾನ್ಯವಾಗಿ 60 ಅಥವಾ 90 ದಿನಗಳ ನೋಟಿಸ್ ಅವಧಿ ಇರುತ್ತದೆ. ನಿಮ್ಮ ಆಫರ್ ಒಪ್ಪಿಕೊಂಡವರು ಆ ಎರಡು ಮೂರು ತಿಂಗಳಲ್ಲಿ ಇನ್ನೂ ಹೆಚ್ಚಿನ ಸಂಬಳದ ಇನ್ನೊಂದು ಆಫರ್ ಪಡೆಯುವುದು ಬೆಂಗಳೂರಿನಲ್ಲಿ ದಿನನಿತ್ಯದ ಸಂಗತಿ. ಅದಕ್ಕಾಗಿ ಯಾರನ್ನೂ ದೂರಬೇಡಿ. ವಾರಕ್ಕೊಮ್ಮೆ ಮಾತನಾಡಿಸಿ, ಕೈಗೆತ್ತಿಕೊಳ್ಳಬೇಕಾದ ಕೆಲಸವನ್ನು ತೋರಿಸಿ, ಅವರು ಬಂದು ಕುಳಿತುಕೊಳ್ಳುವವರೆಗೆ ಹುಡುಕಾಟವನ್ನು ನಿಲ್ಲಿಸಬೇಡಿ.

ಬಂದವರು ಬಿಟ್ಟುಹೋಗದಂತೆ ಬಾಂಡ್ ಬರೆಸಿಕೊಳ್ಳಲು ಹಲವರು ಸಲಹೆ ಕೊಡುತ್ತಾರೆ. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿಯನ್ನು ಸೇರಬಾರದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೆಯ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಕನಿಷ್ಠ ಸೇವಾವಧಿಯ ಬಾಂಡ್, ಅಂದರೆ ಅವಧಿಗೆ ಮೊದಲೇ ಬಿಟ್ಟರೆ ಹಣ ಕಟ್ಟಬೇಕೆಂಬ ಒಪ್ಪಂದ, ಬೇರೆಯ ವಿಷಯ. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಅಂಥ ಷರತ್ತನ್ನು ಎತ್ತಿಹಿಡಿದಿದೆ. ಆದರೂ ಸಣ್ಣ ಕಂಪನಿ ಅದಕ್ಕೆ ಕೈಹಾಕಬಾರದು ಎಂಬುದು ನನ್ನ ದೃಢವಾದ ನಂಬಿಕೆ. ಹೋಗಬೇಕೆಂದು ಮನಸ್ಸು ಮಾಡಿದವರನ್ನು ಹಣದ ಭಯದಿಂದ ಉಳಿಸಿಕೊಂಡರೆ, ಅವರ ಬೇಸರ ಗ್ರಾಹಕರ ಜೊತೆಗಿನ ಮಾತಿನಲ್ಲಿ ಕೇಳಿಸುತ್ತದೆ. ಮೂಲ ಅಂಕಪಟ್ಟಿಗಳನ್ನು ಕಂಪನಿಯಲ್ಲಿ ಇಟ್ಟುಕೊಳ್ಳುವುದಂತೂ ಅನ್ಯಾಯ.

ಹೊಸಬರನ್ನು ಮೊದಲ ವಾರವೇ ಬ್ಯಾಡಗಿಗೆ ಕರೆದೊಯ್ಯುತ್ತೇನೆ. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಯ ಮೆಣಸಿನಕಾಯಿಯ ವ್ಯತ್ಯಾಸವನ್ನು ಅವರು ಕೈಯಲ್ಲಿ ಹಿಡಿದು ನೋಡಬೇಕು, ಬಣ್ಣ ಮಾಸದಿರಲೆಂದು ರೈತರೂ ವ್ಯಾಪಾರಿಗಳೂ ಚೀಲಗಳನ್ನು ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜ್‌ನಲ್ಲಿ ಏಕೆ ಇಡುತ್ತಾರೆಂದು ಕೇಳಿ ತಿಳಿಯಬೇಕು. ಆಯ್ಕೆಯಾಗದವರಿಗೂ ಅವರ ಉತ್ತರದಲ್ಲಿ ಯಾವುದು ಚೆನ್ನಾಗಿತ್ತು, ಎಲ್ಲಿ ಕಡಿಮೆಯಾಯಿತು ಎಂದು ನಾಲ್ಕು ಸಾಲು ಬರೆದು ಕಳುಹಿಸುತ್ತೇವೆ. ಶನಿವಾರದ ಒಂದು ಗಂಟೆ ಅದಕ್ಕೇ ಮೀಸಲು. ಹಾಗೆ ಪತ್ರ ಪಡೆದವರಲ್ಲಿ ಕೆಲವರು ಮುಂದೆ ಮತ್ತೆ ಅರ್ಜಿ ಹಾಕಿ, ಈಗ ನಮ್ಮಲ್ಲಿಯೇ ಕೆಲಸ ಮಾಡುತ್ತಿದ್ದಾರೆ.