ಮ್ಯಾನ್ ಇದ್ದಲ್ಲೆಲ್ಲ ಗಂಡಸಿಲ್ಲ

ಹೋದ ತಿಂಗಳು ‘ವುಮನ್’ ಪದದ ಬಗ್ಗೆ ಎರಡೇ ಸಾಲು ಬರೆದಿದ್ದೆ. ಓದುಗರು ಆ ಎಳೆ ಹಿಡಿದು ತುಂಬಾ ಮುಂದಕ್ಕೆ ಹೋಗಿದ್ದಾರೆ. ಈ ಸಲದ ಅಂಚೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಎಂ-ಎ-ಎನ್ ಎಂಬ ಮೂರು ಅಕ್ಷರಗಳ ಸುತ್ತಲೇ ಇವೆ. ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ.

ಮ್ಯಾನೇಜರ್, ಮ್ಯಾನ್ಯುಯಲ್, ಮ್ಯಾನುಫ್ಯಾಕ್ಚರ್ ಎಲ್ಲದರಲ್ಲೂ ‘ಮ್ಯಾನ್’ ಇದೆ. ಹಿಂದೆ ಈ ಕೆಲಸಗಳನ್ನೆಲ್ಲ ಗಂಡಸರೇ ಮಾಡುತ್ತಿದ್ದರು ಅಂತ ಈ ಹೆಸರು ಬಂತಾ? ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿರುವ ನನ್ನ ಮಗಳ ಪ್ರಶ್ನೆ ಇದು.
— ಓದುಗರೊಬ್ಬರು, ದಾವಣಗೆರೆ

ಇಲ್ಲ. ಮಗಳ ಹುದ್ದೆಯ ಹೆಸರಿನಲ್ಲಿ ಇರುವುದು ಗಂಡಸಲ್ಲ, ಕೈ. ಲ್ಯಾಟಿನ್ ಭಾಷೆಯಲ್ಲಿ ‘ಮಾನುಸ್’ ಅಂದರೆ ಕೈ. ಕೈಯಿಂದ ಬರೆದದ್ದು ಮ್ಯಾನುಸ್ಕ್ರಿಪ್ಟ್, ಕೈಯಿಂದ ಮಾಡಿದ್ದು ಮ್ಯಾನುಫ್ಯಾಕ್ಚರ್, ಕೈಯ ಆರೈಕೆ ಮ್ಯಾನಿಕ್ಯೂರ್, ಕೈಗೆ ತೊಡಿಸುವ ಬೇಡಿ ಮ್ಯಾನಕಲ್. ನಾವು ದಿನಾ ‘ಮೆಂಟೈನ್ ಮಾಡು’ ಅನ್ನುತ್ತೇವಲ್ಲ, ಅದೂ ಇದೇ ಮನೆಯದು. ಕೈಯಲ್ಲಿ ಹಿಡಿದುಕೊಂಡಿರು ಅಂತ ಅದರ ಮೂಲ ಅರ್ಥ.

ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಾಗ ಈ ಪಾಠ ಬಂದರೆ ನಾನು ಬೋರ್ಡಿನ ಎಡಗಡೆ ಈ ಇಂಗ್ಲಿಷ್ ಪದಗಳನ್ನು ಬರೆದು, ಬಲಗಡೆ ಕನ್ನಡ ಬರೆಯಲು ಮಕ್ಕಳನ್ನೇ ಕರೆಯುತ್ತಿದ್ದೆ. ಮ್ಯಾನ್ಯುಯಲ್‌ಗೆ ಕೈಪಿಡಿ. ಮ್ಯಾನುಸ್ಕ್ರಿಪ್ಟ್‌ಗೆ ಹಸ್ತಪ್ರತಿ. ಮ್ಯಾನಕಲ್‌ಗೆ ಕೈಕೋಳ. ಮ್ಯಾನುಫ್ಯಾಕ್ಚರ್ ಹತ್ತಿರ ಸ್ವಲ್ಪ ತಡೆದು, ಕೈಗಾರಿಕೆ! ಬಲಗಡೆಯಲ್ಲೂ ಕೈಯೇ ತುಂಬಿದ್ದನ್ನು ಕಂಡು ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು.

ಇನ್ನು ‘ಮ್ಯಾನೇಜ್’. ಇದು ಶುರುವಾದದ್ದು ಆಫೀಸಿನಲ್ಲಲ್ಲ, ಕುದುರೆ ಪಳಗಿಸುವ ಅಂಗಳದಲ್ಲಿ. ಇಟಲಿಯಲ್ಲಿ ‘ಮನೆಜ್ಜಾರೆ’ ಅಂದರೆ ಕೈಯಿಂದ ನಿಭಾಯಿಸುವುದು, ಅದರಲ್ಲೂ ಲಗಾಮು ಹಿಡಿದು ಕುದುರೆಯನ್ನು ತಿದ್ದುವುದು. 16ನೇ ಶತಮಾನದಲ್ಲಿ ಪದ ಇಂಗ್ಲಿಷಿಗೆ ಬಂತು. ಕುದುರೆಯಿಂದ ಮನೆವಾರ್ತೆ, ವ್ಯಾಪಾರ, ಆಮೇಲೆ ಜನರನ್ನು ನಡೆಸುವುದರವರೆಗೂ ಅದರ ಅರ್ಥ ಹರಡಿತು.

ಒಂದು ಎಚ್ಚರಿಕೆ ಮಾತ್ರ ಇರಲಿ. ಅಕ್ಷರ ಒಂದೇ ಅಂತ ನಂಟು ಹೇಳಬಾರದು. ನಮ್ಮ ‘ಕೈದಿ’ಯನ್ನೇ ನೋಡಿ. ಕೈಕೋಳ ಹಾಕಿಸಿಕೊಂಡವನು ಅಂತ ಸುಲಭವಾಗಿ ಅನಿಸಿಬಿಡುತ್ತದೆ. ಆದರೆ ಅದು ಅರಬ್ಬಿಯ ‘ಕೈದ್’ನಿಂದ ಬಂದದ್ದು, ಸೆರೆ ಅಂತ ಅರ್ಥ. ಊರುಗಳ ಹಳೆಯ ಕಥೆ ಹೇಳುವ ‘ಕೈಫಿಯತ್ತು’ ಕೂಡ ಅರಬ್ಬಿಯದೇ. ಎರಡರಲ್ಲೂ ನಮ್ಮ ಕೈ ಇಲ್ಲ.

ನಾನು ಕಾನೂನು ವಿದ್ಯಾರ್ಥಿನಿ. ‘ವುಮೆನ್ಸ್ ಎಮ್ಯಾನ್ಸಿಪೇಶನ್’ ಅನ್ನುವುದರಲ್ಲಿ ಮ್ಯಾನ್‌ನಿಂದ ಬಿಡುಗಡೆ ಎಂಬ ಅರ್ಥ ಇದೆಯೇ? ಗೆಳತಿಯರ ನಡುವೆ ಜಗಳವೇ ಆಯಿತು.
— ಧಾರವಾಡ

ಈ ಪದದ ಕಥೆ ನನಗೆ ತುಂಬಾ ಇಷ್ಟ. ಇಲ್ಲೂ ಇರುವುದು ಕೈಯೇ. ಆದರೆ ಇದು ಹಿಡಿಯುವ ಕೈ.

ಹಳೆಯ ರೋಮ್‌ನಲ್ಲಿ ಗುಲಾಮ, ಎತ್ತು, ಕುದುರೆ, ಇಟಲಿಯ ಜಮೀನು ಇಂಥವನ್ನು ಕೊಳ್ಳಲು ಒಂದು ವಿಧಿ ಇತ್ತು. ವಯಸ್ಸಿಗೆ ಬಂದ 5 ಜನ ರೋಮನ್ ನಾಗರಿಕರು ಸಾಕ್ಷಿಗೆ ನಿಲ್ಲಬೇಕು. ಇನ್ನೊಬ್ಬ ತಕ್ಕಡಿ ಹಿಡಿದಿರಬೇಕು. ಕೊಳ್ಳುವವನು ಗುಲಾಮನನ್ನು ಕೈಯಲ್ಲಿ ಹಿಡಿದು, ‘ಇವನು ನನ್ನವನು’ ಅಂತ ಘೋಷಿಸಿ, ಕಂಚಿನ ತುಂಡೊಂದನ್ನು ತಕ್ಕಡಿಗೆ ತಟ್ಟಿ ಮಾರುವವನಿಗೆ ಕೊಡಬೇಕು. ಹೀಗೆ ಕೈಯಿಂದ ಹಿಡಿದು ಕೊಳ್ಳುವುದಕ್ಕೆ ‘ಮಾಂಕಿಪಾತಿಯೊ’ ಅಂತ ಹೆಸರು. ಅದರ ಹಿಂದೆ ‘ಹೊರಗೆ’ ಎಂಬ ಅರ್ಥದ ‘ಎ’ ಸೇರಿಸಿದರೆ ಎಮ್ಯಾನ್ಸಿಪೇಶನ್. ಅಂದರೆ ಹಿಡಿತದಿಂದ ಹೊರಗೆ ಬಿಡುವುದು.

ರೋಮ್‌ನಲ್ಲಿ ಈ ಪದ ಬಳಕೆಯಾಗುತ್ತಿದ್ದದ್ದು ಗುಲಾಮರ ಬಿಡುಗಡೆಗಲ್ಲ, ಮಕ್ಕಳ ಬಿಡುಗಡೆಗೆ. ತಂದೆ ಬದುಕಿರುವವರೆಗೂ ಮಗ ಅವನ ಅಧಿಕಾರದಲ್ಲೇ ಇರಬೇಕಿತ್ತು. ಕ್ರಿಸ್ತಪೂರ್ವ 5ನೇ ಶತಮಾನದ ‘ಹನ್ನೆರಡು ಫಲಕಗಳು’ ಎಂಬ ಕಾನೂನಿನಲ್ಲಿ, ತಂದೆ ಮಗನನ್ನು ಮೂರು ಸಲ ಮಾರಿದರೆ ಮಗ ಸ್ವತಂತ್ರ ಅಂತ ಇದೆ. ರೋಮನ್ನರು ಇದನ್ನೇ ದಾರಿ ಮಾಡಿಕೊಂಡರು. ನಂಬಿಕಸ್ಥ ಗೆಳೆಯನಿಗೆ ಮಗನನ್ನು ಮಾರುವುದು, ಅವನು ಬಿಟ್ಟುಕೊಡುವುದು. ಹೀಗೆ ಮೂರು ಸಲ ಆದರೆ ಮಗನ ಬದುಕು ಮಗನದು. ಮಗಳಿಗಾದರೆ ಒಂದೇ ಸಲ ಸಾಕು.

ಇನ್ನೊಂದು ಮಾತು ನಿಮಗೆ ಹೇಳಲೇಬೇಕು. ರೋಮನ್ ಕಾನೂನಿನಲ್ಲಿ ಹೆಂಡತಿಯ ಮೇಲೆ ಗಂಡನಿಗಿದ್ದ ಅಧಿಕಾರಕ್ಕೂ ‘ಮಾನುಸ್’ ಅಂತಲೇ ಹೆಸರು. ಅಂಥ ಮದುವೆಯಾದವಳನ್ನು ‘ಗಂಡನ ಕೈಯಲ್ಲಿ ಇರುವವಳು’ ಅನ್ನುತ್ತಿದ್ದರು. ಹಾಗಾಗಿ ಪದದೊಳಗೆ ಗಂಡಸು ಇಲ್ಲದಿದ್ದರೂ ಅವನ ಹಿಡಿತ ಖಂಡಿತ ಇದೆ. ನಿಮ್ಮ ಜಗಳದಲ್ಲಿ ಇಬ್ಬರ ಮಾತಿಗೂ ತೂಕ ಇದೆ ಅಂತಲೇ ನನ್ನ ತೀರ್ಮಾನ. ಗುಲಾಮಗಿರಿಗೆ ಸೇರಿಕೊಂಡು ಈ ಪದ ಲೋಕಪ್ರಸಿದ್ಧವಾದದ್ದು 1863ರ ಜನವರಿ 1ರಂದು ಅಮೆರಿಕದಲ್ಲಿ ಲಿಂಕನ್ ಹೊರಡಿಸಿದ ಘೋಷಣೆಯಿಂದ.

ಕೃಷಿ ಇಲಾಖೆಯವರು ‘ಮನ್ಯೂರ್’ ಅನ್ನುತ್ತಾರೆ. ಗೊಬ್ಬರದಲ್ಲೂ ಕೈ ಇದೆಯಾ?
— ರೈತರೊಬ್ಬರು, ಮದ್ದೂರು

ಇದೆ. ಹಳೆಯ ಫ್ರೆಂಚ್‌ನಲ್ಲಿ ಇದು ‘ಕೈಯಿಂದ ಕೆಲಸ ಮಾಡು’ ಎಂಬ ಕ್ರಿಯಾಪದ. ಇಂಗ್ಲಿಷಿಗೆ ಬಂದಾಗ ಮೊದಲು ‘ಹೊಲ ಉಳು, ಬೇಸಾಯ ಮಾಡು’ ಅಂತಾಯಿತು. ಹೊಲಕ್ಕೆ ಹಾಕುವ ಗೊಬ್ಬರಕ್ಕೆ ಅದೇ ಹೆಸರು ಅಂಟಿದ್ದು ಆಮೇಲೆ. ನಮ್ಮ ‘ಬೇಸಾಯ’ವೂ ‘ವ್ಯವಸಾಯ’ದಿಂದ ಬಂದದ್ದು. ವ್ಯವಸಾಯ ಅಂದರೆ ಮೊದಲು ಯಾವುದೇ ಪ್ರಯತ್ನ, ದುಡಿಮೆ. ದುಡಿಮೆ ಅಂದರೆ ಹೊಲದ ದುಡಿಮೆಯೇ ಅಂತ ಎರಡೂ ಕಡೆಯ ಜನ ನಿರ್ಧರಿಸಿದರು. ಪಡೆಗಳನ್ನು ಜಾಣತನದಿಂದ ನಡೆಸುವುದಕ್ಕೆ ಸೇನೆಯವರು ಬಳಸುವ ‘ಮನೂವರ್’ ಇದೇ ಫ್ರೆಂಚ್ ಪದ. 18ನೇ ಶತಮಾನದಲ್ಲಿ ಇಂಗ್ಲಿಷರು ಅದನ್ನು ಎರಡನೇ ಸಲ ತಂದುಕೊಂಡರು.

‘ವುಮನ್’ನಲ್ಲೂ ‘ಹ್ಯೂಮನ್’ನಲ್ಲೂ ಇರುವ ಮ್ಯಾನ್ ಒಂದೇನಾ? ಮತ್ತೆ, ಮೆಂಟಲ್, ಮೆನೊಪಾಸ್, ಮೆನ್‌ಸ್ಟ್ರುಯೇಶನ್ ಎಲ್ಲ ‘ಮೆನ್’ನಿಂದಲೇ ಶುರು ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಿಜವಾ?
— ಮೈಸೂರು

ವುಮನ್‌ನಲ್ಲಿ ಇರುವುದು ನಿಜವಾದ ಮ್ಯಾನ್. ಆದರೆ ಆಗ ಅದರ ಅರ್ಥ ಗಂಡಸು ಅಲ್ಲ, ಮನುಷ್ಯ. ಹಳೆಯ ಇಂಗ್ಲಿಷಿನಲ್ಲಿ ಹೆಂಗಸಿಗೆ ‘ವೀಫ್’, ಗಂಡಸಿಗೆ ‘ವೆರ್’. ವೀಫ್ ಮತ್ತು ಮನ್ ಸೇರಿ ವೀಫ್‌ಮನ್, ಅದೇ ಸವೆದು ವುಮನ್. ವೀಫ್ ಒಂದೇ ನಿಂತು ಇವತ್ತಿನ ವೈಫ್ ಆಯಿತು. ವೆರ್ ಮಾತ್ರ ತೋಳಮನುಷ್ಯನ ಕಥೆಯ ‘ವೆರ್‌ವುಲ್ಫ್’ ಒಳಗೆ ಉಳಿಯಿತು. ನಮ್ಮ ‘ವೀರ’ ಅದರ ದೂರದ ಅಣ್ಣ.

ಈ ಮ್ಯಾನ್‌ಗೆ ನಮ್ಮ ‘ಮನು’ವಿನ ನಂಟೂ ಇದೆ. ಕ್ರಿಸ್ತಶಕ 98ರಲ್ಲಿ ರೋಮನ್ ಇತಿಹಾಸಕಾರ ಟ್ಯಾಸಿಟಸ್, ಜರ್ಮನ್ ಬುಡಕಟ್ಟಿನವರು ‘ಮನ್ನುಸ್’ ಎಂಬಾತನನ್ನು ತಮ್ಮ ಮೂಲಪುರುಷ ಅಂತ ಹಾಡುತ್ತಾರೆ ಎಂದು ಬರೆದ. ಇಲ್ಲಿ ಮನು, ಅಲ್ಲಿ ಮನ್ನುಸ್. ಇದನ್ನು ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಹ್ಯೂಮನ್ ಬೇರೆಯೇ. ಅದು ಲ್ಯಾಟಿನ್‌ನ ‘ಹೂಮಾನುಸ್’. ಮಣ್ಣು ಎಂಬ ಅರ್ಥದ ‘ಹ್ಯೂಮಸ್’ ಅದರ ಬಂಧು.

ವಾಟ್ಸಾಪಿನ ಮಾತು ಪೂರ್ತಿ ಸುಳ್ಳು. ಮೆಂಟಲ್ ಬಂದದ್ದು ಲ್ಯಾಟಿನ್‌ನ ‘ಮೆನ್ಸ್’ನಿಂದ. ಸಂಸ್ಕೃತದ ‘ಮನಸ್’ಗೆ ಅದು ಹತ್ತಿರದ ನೆಂಟ. ಉಳಿದ ಎರಡೂ ತಿಂಗಳಿಗೆ ಸೇರಿದವು. ಗ್ರೀಕ್‌ನ ‘ಮೆನ್’, ಲ್ಯಾಟಿನ್‌ನ ‘ಮೆನ್ಸಿಸ್’, ನಮ್ಮ ‘ಮಾಸ’, ಇಂಗ್ಲಿಷಿನ ‘ಮಂತ್’, ಎಲ್ಲ ಒಂದೇ ಬೇರಿನವು. ನಾವೂ ತಿಂಗಳ ಮುಟ್ಟು, ಮಾಸಿಕ ಅನ್ನುತ್ತೇವೆ ಅಲ್ವಾ? ಇದನ್ನು ದಯವಿಟ್ಟು ಆ ಗುಂಪಿಗೇ ಕಳಿಸಿ.

‘ಮ್ಯಾಂಗೊ’ ನಮ್ಮ ಕಡೆಯ ಪದವೇ?
— ಶಿರಸಿ

ಹೌದು. ಮಲಯಾಳಂನಲ್ಲಿ ಮಾಂಗ, ತಮಿಳಿನಲ್ಲಿ ಮಾಂಗಾಯ್. ಮಾ ಅಂದರೆ ಮಾವು, ಕಾಯ್ ಅಂದರೆ ಕಾಯಿ. ಪೋರ್ಚುಗೀಸರು ಅದನ್ನು ‘ಮಾಂಗ’ ಎಂದೇ ಒಯ್ದರು, ಇಂಗ್ಲಿಷಿನಲ್ಲಿ ಮ್ಯಾಂಗೊ ಆಯಿತು. ಹಡಗಿನಲ್ಲಿ ಹಣ್ಣು ಅಷ್ಟು ದಿನ ಕೆಡದೆ ಇರುತ್ತದೆಯೇ? ಅಲ್ಲಿಗೆ ತಲುಪಿದ್ದು ಜಾಸ್ತಿ ಉಪ್ಪಿನಕಾಯಿಯೇ. ಹಾಗಾಗಿ ಅಲ್ಲಿನವರು ಸೌತೆ, ಪೀಚ್ ಹೀಗೆ ಯಾವುದರ ಉಪ್ಪಿನಕಾಯಿ ಹಾಕಿದರೂ ಅದಕ್ಕೆ ಮ್ಯಾಂಗೊ ಅನ್ನತೊಡಗಿದರು. ಒಳಗೆ ಮಸಾಲೆ ತುಂಬಿ ಉಪ್ಪಿಗೆ ಹಾಕುತ್ತಿದ್ದ ದೊಣ್ಣೆಮೆಣಸಿನಕಾಯಿಗೆ ಅಮೆರಿಕದ ಕೆಲವು ಕಡೆ 20ನೇ ಶತಮಾನದಲ್ಲೂ ಅದೇ ಹೆಸರಿತ್ತು. ಮಿಡಿ ಉಪ್ಪಿನಕಾಯಿಯ ಊರಿನವರಾದ ನಿಮಗೆ ಇದು ಖುಷಿ ಕೊಡುತ್ತದೆ ಅಂತ ಗೊತ್ತು.

‘ಮ್ಯಾಂಡರಿನ್’ ಕೂಡ ಇಲ್ಲಿಂದಲೇ ಹೊರಟದ್ದು. ಸಂಸ್ಕೃತದ ‘ಮಂತ್ರಿ’ ಮಲಯ ಭಾಷೆಗೆ ಹೋಗಿ ‘ಮೆಂತೆರಿ’ ಆಯಿತು. ಪೋರ್ಚುಗೀಸರು 1511ರಲ್ಲಿ ಮಲಯ ನಾಡಿನ ಬಂದರು ಮಲಕ್ಕಾ ಹಿಡಿದವರು. ಅವರ ಬಾಯಲ್ಲಿ ಅದು ‘ಮಂದರಿಂ’ ಆಗಿ ಚೀನಾದ ಅಧಿಕಾರಿಗಳ ಹೆಸರಾಯಿತು. ‘ತ’ ಹೋಗಿ ‘ದ’ ಬಂದದ್ದು ಏಕೆ? ಅವರ ಭಾಷೆಯಲ್ಲಿ ‘ಮಂದಾರ್’ ಅಂದರೆ ಆಜ್ಞೆ ಮಾಡು. ಅಧಿಕಾರಿ ಅಂದಮೇಲೆ ಆಜ್ಞೆ ಮಾಡುವವನೇ ತಾನೇ? ಎರಡೂ ಬೆರೆತವು. ಆ ಅಧಿಕಾರಿಗಳು ಆಡುವ ಭಾಷೆಗೂ ಅದೇ ಹೆಸರು ನಿಂತಿತು.

ಎಂಟನೇ ತರಗತಿಯ ಮಗ ‘ಜರ್ಮೆನ್’ ಅಂತ ಬಹುವಚನ ಬರೆದು ಮಾರ್ಕ್ಸ್ ಕಳೆದುಕೊಂಡ. ಮ್ಯಾನ್, ಮೆನ್ ಆದರೆ ಜರ್ಮನ್ ಯಾಕೆ ಜರ್ಮೆನ್ ಅಲ್ಲ ಅಂತ ಕೇಳುತ್ತಾನೆ.
— ತುಮಕೂರು

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಪದದೊಳಗೆ ಇಂಗ್ಲಿಷಿನ ಮ್ಯಾನ್ ನಿಜವಾಗಿ ಇದ್ದರೆ ಮಾತ್ರ ಮೆನ್ ಆಗುತ್ತದೆ: ಪೊಲೀಸ್‌ಮೆನ್, ಪೋಸ್ಟ್‌ಮೆನ್. ಜರ್ಮನ್, ರೋಮನ್ ಲ್ಯಾಟಿನ್‌ನಿಂದ ಬಂದವು. ಒಟ್ಟೊಮನ್ ಎಂಬುದು ಉಸ್ಮಾನ್ ಎಂಬ ಹೆಸರು. ಟ್ಯಾಲಿಸ್‌ಮನ್ ಅಂದರೆ ತಾಯಿತ, ಅದು ಗ್ರೀಕ್‌ನಿಂದ ಅರಬ್ಬಿಗೆ ಹೋಗಿ ಬಂದದ್ದು. ಶಾಮನ್ ಅಂದರೆ ದೆವ್ವ-ದೇವರ ಜೊತೆ ಮಾತಾಡುವ ಮಂತ್ರವಾದಿ, ಅದು ಸೈಬೀರಿಯಾದ್ದು. ಇವಕ್ಕೆಲ್ಲ ಕೊನೆಗೆ ‘ಎಸ್’ ಸೇರಿಸಿದರಾಯಿತು. ಉತ್ತರ ಫ್ರಾನ್ಸಿನಲ್ಲಿ ನೆಲೆಸಿದ ಜನರ ಹೆಸರು ‘ನಾರ್ಮನ್’ ಒಂದು ತೊಡಕು ಕೊಡುತ್ತದೆ. ಅದರ ಮೂಲ ಉತ್ತರದ ಮನುಷ್ಯ ಅಂತಲೇ. ಆದರೆ ಫ್ರೆಂಚ್ ಮೂಲಕ ಸುತ್ತಿ ಬಂದದ್ದರಿಂದ ನಾರ್ಮನ್ಸ್ ಆಯಿತು.

ಹುಡುಗನಿಗೆ ‘ಡ್ರಾಗೊಮನ್’ ಬಗ್ಗೆಯೂ ಹೇಳಿ. ತುರ್ಕಿ ಸುಲ್ತಾನರ ಆಸ್ಥಾನದಲ್ಲಿ ಯುರೋಪಿನವರ ಮಾತನ್ನು ತಿರುಗಿಸಿ ಹೇಳುವ ದುಭಾಷಿ ಇವನು. ಪದದ ಮೂಲ ಅರಬ್ಬಿಯ ‘ತರ್ಜುಮಾನ್’. ನಮ್ಮ ‘ತರ್ಜುಮೆ’ಯೂ ಅದೇ ಮನೆಯಿಂದ ಬಂದದ್ದು. ಇದರಲ್ಲಿ ಮ್ಯಾನ್ ಇಲ್ಲ, ಡ್ರಾಗೊಮನ್ಸ್ ಅನ್ನಬೇಕು. ಆದರೆ ಇಂಗ್ಲಿಷರೇ ಇದರೊಳಗೆ ಮನುಷ್ಯ ಇದ್ದಾನೆ ಅಂದುಕೊಂಡು ಡ್ರಾಗೊಮೆನ್ ಅಂತಲೂ ಬರೆದರು. ಈಗ ನಿಘಂಟುಗಳಲ್ಲಿ ಎರಡೂ ಇವೆ. ನಿಮ್ಮ ಮಗ ಇವುಗಳಲ್ಲಿ ಯಾವುದನ್ನು ಬರೆದರೂ ಪೂರ್ತಿ ಮಾರ್ಕ್ಸ್ ಕೊಡಬೇಕು.