ಜರ್ಮನಿ ದುರ್ಬಲ ತಂಡವಾಗಿರಲಿಲ್ಲ

2020ರ ಡಿಸೆಂಬರ್ 26ರಂದು ಎಡ್ಮಂಟನ್‌ನಲ್ಲಿ ನಡೆದ ವಿಶ್ವ ಜೂನಿಯರ್ ಐಸ್ ಹಾಕಿ ಪಂದ್ಯದಲ್ಲಿ ಕೆನಡಾ 16–2ರಿಂದ ಗೆದ್ದದ್ದನ್ನು ನೋಡಿ, ಜರ್ಮನಿಗೆ ಆ ಮಟ್ಟದಲ್ಲಿ ಆಡುವ ಯೋಗ್ಯತೆಯೇ ಇರಲಿಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಇತ್ತು. ಆ ದಿನ ಇಲ್ಲದಿದ್ದದ್ದು ಆಟಗಾರರು.

ಐಸ್ ಹಾಕಿಯಲ್ಲಿ ಗೋಲ್‌ಕೀಪರ್‌ ಹೊರತು ಐವರು ಕಣದಲ್ಲಿರುತ್ತಾರೆ. ಮುಕ್ಕಾಲು ನಿಮಿಷ ಶಕ್ತಿಮೀರಿ ಓಡಿ ಹೊರಬರುತ್ತಾರೆ, ಹೊಸ ಗುಂಪು ಇಳಿಯುತ್ತದೆ. ಇದಕ್ಕೆಂದೇ ಸುಮಾರು 20 ಮಂದಿ ಬೇಕು. ಕೋವಿಡ್ ಕ್ವಾರಂಟೈನ್‌ನಿಂದಾಗಿ ಜರ್ಮನಿಗೆ ಸಿಕ್ಕವರು 14 ಮಂದಿ. ಅದೂ ಹಿಂದಿನ ದಿನವಷ್ಟೇ ಫಿನ್ಲೆಂಡ್ ವಿರುದ್ಧ 3–5ರಿಂದ ಸೋತು ಬಸವಳಿದಿದ್ದವರು! ಎದುರಿಗೆ ದಣಿವೇ ಇಲ್ಲದ ಕೆನಡಾ. ಹದಿಹರೆಯದ ಹುಡುಗರನ್ನು ಹೀಗೆ ಬೆನ್ನುಬೆನ್ನಿಗೆ ಆಡಿಸಿದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ.

ಮುಂದಿನದನ್ನೂ ನೋಡಿ. ಕ್ವಾರಂಟೈನ್ ಮುಗಿಸಿದವರು ಮರಳಿದಂತೆ, ಟಿಮ್ ಸ್ಟುಟ್ಸ್ಲೆ ನಾಯಕತ್ವದ ಇದೇ ತಂಡ ಸ್ಲೊವಾಕಿಯಾವನ್ನು ಹೆಚ್ಚುವರಿ ಅವಧಿಯಲ್ಲಿ 4–3ರಿಂದ, ಸ್ವಿಟ್ಜರ್ಲೆಂಡನ್ನು 5–4ರಿಂದ ಮಣಿಸಿ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ರಷ್ಯಾಕ್ಕೆ ಸೋತದ್ದು ಒಂದೇ ಗೋಲಿನಿಂದ, 1–2.